ಚೆಂಡು ಹೂವಿನ ಸಸಿ ಬುಡದಲ್ಲೇ ಬಾಗಿ ಬೀಳುತ್ತಿದ್ದರೆ
ಚೆಂಡು ಹೂವಿನ ಬೀಜ ಚೆನ್ನಾಗಿ ಮೊಳೆತು, ಎರಡೆಲೆ ಬಂದಮೇಲೆ ಒಂದೊಂದೇ ಸಸಿ ಬೀಳುತ್ತಿದ್ದರೆ, ಅದು ಹೆಚ್ಚಾಗಿ ಬುಡ ಕೊಳೆಯುವ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ತೇವ ಜಾಸ್ತಿಯಾದರೆ ಹಬ್ಬುತ್ತದೆ. ಬಿದ್ದ ಸಸಿ ಎತ್ತಿ ನೋಡಿ: ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದು ಬಣ್ಣಕ್ಕೆ ತಿರುಗಿ ದಾರದಷ್ಟು ಸಣ್ಣಗಾಗಿದ್ದರೆ ಅದೇ. ಕತ್ತರಿಸಿದ ಹಾಗೆ ತುಂಡಾಗಿದ್ದರೆ ಹುಳದ ಕೆಲಸ ಇರಬಹುದು.

ಬಿದ್ದವು ಉಳಿಯುವುದಿಲ್ಲ, ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಿ. ಉಳಿದವಕ್ಕೆ ಮೇಲ್ಮಣ್ಣು ಒಣಗುವ ತನಕ ನೀರು ಬೇಡ. ಆಮೇಲೂ ಬೆಳಿಗ್ಗೆ ಮಾತ್ರ, ಸಸಿಯ ಟ್ರೇಯನ್ನು ನೀರಿರುವ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಹೀರಿಕೊಳ್ಳಲು ಬಿಡಿ. ಗಾಳಿ, ಬೆಳಕು ಇರುವ ಕಡೆ ಇಡಿ. ತುಂಬಾ ಒತ್ತಾಗಿದ್ದರೆ ಕೆಲವನ್ನು ಕತ್ತರಿಯಿಂದ ಕತ್ತರಿಸಿ. ಸುಮ್ನೆ ಕೀಳಬೇಡಿ, ಪಕ್ಕದ ಬೇರು ಅಲುಗಾಡುತ್ತದೆ.

ಮತ್ತೆ ಬಿತ್ತುವಾಗ ಹಳೇ ಮಣ್ಣು ಖಂಡಿತ ಬೇಡ. ತೊಳೆದ ಟ್ರೇ, ಹೊಸ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸಿ; ಬೀಜ ಅರ್ಧ ಸೆಂ.ಮೀ. ಆಳದಲ್ಲಿದ್ದರೆ ಸಾಕು.