ಒಂದೇ ಮಡಕೆಯ ಮುಂದೆ ಕೂತವರು

ಇದು ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಕಥೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರಿಗೆ 61 ವರ್ಷ. ಲೆಕ್ಕಪತ್ರ ಬರೆಯುವ ಕೆಲಸದಿಂದ ನಿವೃತ್ತರು. ಹೆಂಡತಿ ತೀರಿಹೋಗಿ ಒಂದೂವರೆ ವರ್ಷ. "ಮನೆಗೆ ಬರ್ತಿದ್ದವರೆಲ್ಲ ಅವಳ ಸ್ನೇಹಿತರು ಮೇಡಂ. ಮಾತೆಲ್ಲ ಅವಳದೇ. ನಾನು ಪಕ್ಕದಲ್ಲಿ ಕೂತಿರ್ತಿದ್ದೆ ಅಷ್ಟೇ" ಅಂದರು. ಈಗ ಯಾರೂ ಬರುವುದಿಲ್ಲ. ಇವರು ಎಲ್ಲಿಗಾದರೂ ಹೋದರೂ ಏನು ಮಾತಾಡಬೇಕೆಂದು ತೋಚದೆ ಬೇಗ ಎದ್ದು ಬಂದುಬಿಡುತ್ತಾರೆ.

ನಿದ್ದೆ, ಊಟ, ಬದುಕುವ ಆಸೆ, ಎಲ್ಲವನ್ನೂ ಮೊದಲು ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಂಡಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ಕಂಡದ್ದು ದುಃಖ, ಜೊತೆಗೆ ಒಂಟಿತನ.

ಎರಡನೇ ಭೇಟಿಯಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಮಾತು ನಿಂತಾಗಲೆಲ್ಲ ಅವರ ಪೆನ್ಸಿಲ್ ಕಾಗದದ ಅಂಚಿನಲ್ಲಿ ಓಡುತ್ತಿತ್ತು. ನನ್ನ ಮೇಜಿನ ಮೇಲಿದ್ದ ಹೂದಾನಿಯನ್ನು ಬಿಡಿಸಿದ್ದರು. ಅಷ್ಟು ಹೊತ್ತೂ ಮುಖದಲ್ಲಿ ಬಿಗುವಿರಲಿಲ್ಲ. ಮ್ಯೂಸಿಯಂನಲ್ಲಿ ಒಟ್ಟಿಗೆ ಕೂತು ಸ್ಕೆಚ್ ಮಾಡುವ ಗುಂಪಿಗೆ ಹೋಗಿ ನೋಡಿ ಅಂದೆ. ಎದುರುಬದುರು ಕೂತವರ ನಡುವೆ ಮೌನ ಭಾರ. ಅಕ್ಕಪಕ್ಕ ಕೂತು ಒಂದೇ ವಸ್ತುವನ್ನು ನೋಡುವವರಿಗೆ ಸುಮ್ನೆ ಇರುವುದೂ ಕೆಲಸವೇ. ಮಾತು ಬೇಕೆನಿಸಿದಾಗ ಬರುತ್ತದೆ.

ಮೊದಲ ಸಲ ಹೋಗಿ ಬಂದವರು ತುಂಬ ನೊಂದುಕೊಂಡಿದ್ದರು. ಕೊನೆಯಲ್ಲಿ ಎಲ್ಲರೂ ತಮ್ಮ ತಮ್ಮ ಪುಸ್ತಕ ತೆರೆದು ನೆಲದ ಮೇಲೆ ಸಾಲಾಗಿ ಇಟ್ಟರಂತೆ. ಪಕ್ಕದವರ ನೆರಳು ಬೆಳಕು ನೋಡಿ ಇವರು ತಮ್ಮದನ್ನು ಮುಚ್ಚಿ, ಯಾರಿಗೂ ಹೇಳದೆ ಹೊರಟು ಬಂದರು. "ಮಕ್ಕಳು ಗೀಚಿದ ಹಾಗಿತ್ತು" ಅಂದರು.

ಇದು ನನ್ನ ತಪ್ಪು. ಇಂಥ ಗುಂಪುಗಳಲ್ಲಿ ಕೊನೆಗೆ ಹೀಗೆ ತೋರಿಸಿಕೊಳ್ಳುವ ರೂಢಿ ಉಂಟು. ಅದನ್ನು ಮೊದಲೇ ಹೇಳಿ, "ಇಷ್ಟವಿಲ್ಲದಿದ್ದರೆ ತೋರಿಸಬೇಡಿ, ಆದರೆ ಅಲ್ಲೇ ಇರಿ" ಅನ್ನಬೇಕಿತ್ತು. ಅವರಿಗೆ ಹಾಗೆಂದೇ ಹೇಳಿ ಕ್ಷಮೆ ಕೇಳಿದೆ.

ಆಮೇಲೆ ಚಿತ್ರ ನೋಡಿದೆ. ಒಂದು ಮಣ್ಣಿನ ಮಡಕೆ. ಬಾಯಿ ಸೊಟ್ಟಗಿತ್ತು, ನಿಜ. "ಮಡಕೆ ಬಗ್ಗೆ ಹೇಳಿ" ಅಂದೆ. ಹತ್ತು ನಿಮಿಷ ನಿಲ್ಲದೆ ಮಾತಾಡಿದರು! ಕುತ್ತಿಗೆಯ ಕೆಳಗೆ ಹೆಬ್ಬೆರಳು ಒತ್ತಿದಂಥ ಗುಳಿ. ಒಂದು ಕಡೆ ಹೊಟ್ಟೆ ಸ್ವಲ್ಪ ಜಾಸ್ತಿ ಉಬ್ಬಿದೆ. ಅಲ್ಲಲ್ಲಿ ತಿಳಿ ಬಣ್ಣದ ತೇಪೆಗಳು. ಒಡೆದ ಪಾತ್ರೆಯನ್ನು ಜೋಡಿಸುವಾಗ ಹಳೆಯದು ಯಾವುದು, ತುಂಬಿದ್ದು ಯಾವುದು ಅಂತ ತಿಳಿಯಲಿ ಎಂದು ಎಷ್ಟೋ ಕಡೆ ಬೇಕೆಂದೇ ಬಣ್ಣ ಬೇರೆ ಇಡುತ್ತಾರೆ ಅಂದಾಗ ಅವರ ಕಣ್ಣು ಅರಳಿತು.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಜನ ಒಂದು ಕಲಾಕೃತಿ ನೋಡಿದ್ದು ಸರಾಸರಿ 27 ಸೆಕೆಂಡು. ಇವರು ಆ ಮಡಕೆ ನೋಡಿದ್ದು ಮುಕ್ಕಾಲು ಗಂಟೆ. ಹೇಳಲು ಇವರ ಹತ್ತಿರ ಮಾತಿದೆ, ಅಲ್ವಾ?

ನಾನು ಕೊಟ್ಟ ಸಲಹೆ ಹೀಗಿತ್ತು. ತಿಂಗಳಿಗೆ ಎರಡು ಸಲ, ತಪ್ಪದೆ, ಅದೇ ಗುಂಪಿಗೆ ಹೋಗಿ. ಮುಖಗಳು ಪರಿಚಯವಾಗಲು ಅದು ಬೇಕೇ ಬೇಕು. ಹತ್ತು ನಿಮಿಷ ಮೊದಲೇ ತಲುಪಿ, ಗುಂಪು ಕಟ್ಟಿದ ಮೇಲೆ ಒಳಗೆ ಸೇರುವುದು ಎಲ್ಲರಿಗೂ ಕಷ್ಟ. ಪೆನ್ಸಿಲ್ ಒಂದೇ ಸಾಕು, ಶಾಯಿ, ಬಣ್ಣಕ್ಕೆ ಹಲವು ಮ್ಯೂಸಿಯಂಗಳಲ್ಲಿ ಬಿಡುವುದೂ ಇಲ್ಲ. ರಬ್ಬರ್ ಮನೆಯಲ್ಲೇ ಇರಲಿ, ಅಳಿಸುತ್ತಾ ಕೂತರೆ ಕಣ್ಣು ವಸ್ತು ಬಿಟ್ಟು ಕಾಗದದ ಮೇಲೆಯೇ ಇರುತ್ತದೆ. ಪುಸ್ತಕ ತೆರೆದಿಡುವ ಹೊತ್ತಿಗೆ "ನನ್ನದು ಚೆನ್ನಾಗಿ ಬಂದಿಲ್ಲ" ಅನ್ನಬೇಡಿ. ಎದುರಿನವರು ಸಮಾಧಾನ ಹೇಳುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ವಸ್ತುವಿನಲ್ಲಿ ಕಂಡ ಒಂದೇ ಒಂದು ಸಂಗತಿ ಹೇಳಿ. ಪಕ್ಕದವರನ್ನು "ನಿಮಗೆ ಯಾವ ಭಾಗ ಕಷ್ಟ ಆಯ್ತು?" ಅಂತ ಕೇಳಿ. ಮಡಕೆಯ ಬಾಯಿ ಎಂಥವರಿಗೂ ಕೈಕೊಡುತ್ತದೆ.

ಎರಡನೇ ಸಲ ಪುಸ್ತಕ ತೆರೆಯಲಿಲ್ಲ, ಆದರೆ ಕೊನೆಯವರೆಗೂ ನಿಂತಿದ್ದರು. ಮೂರನೇ ಸಲ ಹೆಬ್ಬೆರಳಿನ ಗುಳಿಯ ಬಗ್ಗೆ ಹೇಳಿದರಂತೆ. ಇಬ್ಬರು ಎದ್ದು ಹೋಗಿ ಅದನ್ನು ನೋಡಿ ಬಂದರು. ಐದನೇ ತಿಂಗಳು ಜ್ವರ ಬಂದು ಹೋಗಲಾಗದಿದ್ದಾಗ ಗುಂಪಿನ ಒಬ್ಬರು ಫೋನ್ ಮಾಡಿದ್ದರು. ಅದನ್ನು ನನಗೆ ಎರಡು ಸಲ ಹೇಳಿದರು.

ಮನೆಯಲ್ಲಿ ಸಂಜೆ ಹೊತ್ತು ಅವರಿಗೆ ಇನ್ನೂ ಕಷ್ಟವೇ. ಹೆಂಡತಿಯ ಕನ್ನಡಕ ಕಪಾಟಿನಲ್ಲೇ ಇದೆ, ತೆಗೆಯಲು ಕೈ ಬರುವುದಿಲ್ಲ. ಕಳೆದ ವಾರ ಅದನ್ನು ಮೇಜಿನ ಮೇಲಿಟ್ಟುಕೊಂಡು ಬಿಡಿಸಲು ಕೂತಿದ್ದರು. ಒಂದು ಗಾಜು ಮುಗಿದಿದೆ.