ರಿಸರ್ವ್‌ನಲ್ಲಿ ಹಾರುವುದೋ, ಪೂರ್ತಿ ಸೇನೆಗೇ ಸೇರುವುದೋ

ನೀನು ಅಕ್ಕ ಎಂದು ಕರೆದಿರುವುದರಿಂದ ನಾನೂ ಏಕವಚನದಲ್ಲೇ ಬರೆಯುತ್ತೇನೆ, ಬೇಸರಿಸಬೇಡ. ನಿನ್ನ ಪತ್ರದಿಂದ ನನಗೆ ತಿಳಿದದ್ದು ಇಷ್ಟು: ದೊಡ್ಡಪ್ಪ ಎಂದೋ ಹಾಕಿದ್ದ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಪಡೆದು ನಿಮ್ಮ ಮನೆಯವರೆಲ್ಲ ದಾವಣಗೆರೆಯಿಂದ ಸ್ಯಾಕ್ರಮೆಂಟೊಗೆ ಬಂದು ಎರಡು ವರ್ಷವಾಗಿದೆ. ನಿನಗೀಗ ಇಪ್ಪತ್ತಮೂರು. ಎಂಜಿನಿಯರಿಂಗ್ ಪದವಿ ಮುಗಿಯುತ್ತ ಬಂದಿದೆ, ಆದರೆ ಮನಸ್ಸೆಲ್ಲ ವಿಮಾನದ ಮೇಲೆ. ವಾಯುಪಡೆಗೆ ಪೂರ್ಣಾವಧಿಗೆ ಸೇರಬೇಕೋ, ಏರ್‌ಲೈನ್ಸ್ ದಾರಿ ಹಿಡಿಯಬೇಕೋ, ಅಥವಾ ಯಾರೋ ಹೇಳಿದಂತೆ ‘ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ’ ವಾಯುಪಡೆಯ ಅರೆಕಾಲಿಕ ವಿಭಾಗವಾದ ರಿಸರ್ವ್‌ನಲ್ಲಿ ಹಾರುತ್ತ ಎರಡನ್ನೂ ದಕ್ಕಿಸಿಕೊಳ್ಳಬಹುದೋ ಎಂದು ಕೇಳಿದ್ದೀಯ. ನಾನು ಟ್ರಾವಿಸ್ ವಾಯುನೆಲೆಯಲ್ಲಿ ರಿಸರ್ವ್ ಪೈಲಟ್ ಆಗಿ ಸಿ-17 ಸರಕು ವಿಮಾನ ಹಾರಿಸುತ್ತ, ಜೊತೆಗೆ ಏರ್‌ಲೈನ್ಸ್‌ನಲ್ಲೂ ದುಡಿದವಳು. ಮೂರರಲ್ಲಿ ಎರಡನ್ನು ಒಳಗಿನಿಂದ ಬಲ್ಲೆ. ಆ್ಯಕ್ಟಿವ್ ಡ್ಯೂಟಿಯವರನ್ನು, ಅಂದರೆ ಪೂರ್ಣಾವಧಿ ಸೇವೆಯವರನ್ನು, ಪಕ್ಕದ ಸೀಟಿನಲ್ಲಿ ಕುಳಿತು ನೋಡಿದ್ದೇನೆ.

ಈ ಹೊತ್ತಿನಲ್ಲಿ ನಿನ್ನ ಮುಂದೆ ತೆರೆದಿರುವುದು ಒಂದೇ ದಾರಿ, ಏರ್‌ಲೈನ್ಸ್‌ನದು. ಗ್ರೀನ್ ಕಾರ್ಡ್ ಇರುವವರು ಸಾಮಾನ್ಯ ಸೈನಿಕರಾಗಿ ಸೇರಬಹುದು. ಆದರೆ ವಾಯುಪಡೆಯಲ್ಲಿ ಪೈಲಟ್ ಎಂದರೆ ಅಧಿಕಾರಿ, ಅಧಿಕಾರಿಯಾಗಲು ಅಮೆರಿಕದ ಪೌರತ್ವ ಬೇಕೇ ಬೇಕು. ಆ್ಯಕ್ಟಿವ್ ಡ್ಯೂಟಿ, ರಿಸರ್ವ್, ರಾಜ್ಯಗಳ ಅರೆಕಾಲಿಕ ಪಡೆಯಾದ ನ್ಯಾಷನಲ್ ಗಾರ್ಡ್ ಎಲ್ಲಕ್ಕೂ ಇದೇ ನಿಯಮ. ಪೌರತ್ವಕ್ಕೆ ಗ್ರೀನ್ ಕಾರ್ಡ್ ಬಂದು ಐದು ವರ್ಷವಾಗಬೇಕು. ಅರ್ಜಿಯನ್ನು ಅದಕ್ಕೆ ತೊಂಬತ್ತು ದಿನ ಮೊದಲೇ ಹಾಕಬಹುದು. ಅಂದರೆ ನಿನಗೆ ಇಪ್ಪತ್ತಾರು ತುಂಬುವ ಹೊತ್ತಿಗೆ ಮಾತು. ‘ಸೈನಿಕನಾಗಿ ಸೇರಿಬಿಡು, ಪೌರತ್ವ ಬೇಗ ಸಿಗುತ್ತದೆ, ಆಮೇಲೆ ಪೈಲಟ್ ಆಗಬಹುದು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲರ್ಧ ನಿಜ. ಎರಡನೆಯ ಅರ್ಧಕ್ಕೆ ಯಾರೂ ಬರೆದು ಕೊಡುವುದಿಲ್ಲ. ಹಾಗೆ ಸೇರಿ ವಿಮಾನದ ಹೊಟ್ಟೆಯಡಿ ವರ್ಷಗಟ್ಟಲೆ ಸ್ಪ್ಯಾನರ್ ಹಿಡಿದು, ಕಾಕ್‌ಪಿಟ್ ಮಾತ್ರ ಕೈಗೆ ಸಿಗದ ಜಾಣ ಹುಡುಗರನ್ನು ಕಂಡಿದ್ದೇನೆ.

ಪೌರತ್ವದ ಜೊತೆ ಬರುವ ಇನ್ನೊಂದು ಸಂಗತಿಯನ್ನು ಇಲ್ಲಿನ ನಮ್ಮವರು ಯಾರೂ ನಿನಗೆ ಹೇಳಿರಲಾರರು, ಏಕೆಂದರೆ ಅವರಿಗೆ ಅದರ ಅಗತ್ಯ ಬಿದ್ದಿಲ್ಲ. ಅಮೆರಿಕದ ಪ್ರಜೆಯಾದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಉಳಿದವರೆಲ್ಲ ಆ ಕೂಡಲೇ, ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಬಿಡುವ ಓಸಿಐ ಕಾರ್ಡ್ ಮಾಡಿಸಿಕೊಂಡು ನಿಶ್ಚಿಂತರಾಗುತ್ತಾರೆ. ವಿದೇಶಿ ಸೇನೆಯಲ್ಲಿ ಇರುವವರಿಗೆ, ನಿವೃತ್ತರಾದವರಿಗೂ ಸಹ, ಭಾರತ ಓಸಿಐ ಕೊಡುವುದಿಲ್ಲ. ರಿಸರ್ವ್ ಅರೆಕಾಲಿಕ ಕೆಲಸವಲ್ಲವೇ ಎಂದು ವಾದಿಸಿ ಪ್ರಯೋಜನವಿಲ್ಲ. ನಮ್ಮಜ್ಜಿ ಹಾಸನದಲ್ಲಿ ಹಾಸಿಗೆ ಹಿಡಿದಾಗ ನನ್ನ ತಂಗಿ ಅದೇ ರಾತ್ರಿ ವಿಮಾನ ಹತ್ತಿದಳು, ನಾನು ವೀಸಾಕ್ಕಾಗಿ ಕಾದು ಕುಳಿತೆ. ವೀಸಾ ಬಂದ ಮೇಲೂ ಪ್ರಯಾಣದ ವಿವರವನ್ನು ಘಟಕಕ್ಕೆ ತಿಳಿಸಿಯೇ ಹೊರಡಬೇಕು. ಭದ್ರತಾ ಪರಿಶೀಲನೆಯ ನಮೂನೆಯಲ್ಲಿ ಭಾರತದಲ್ಲಿರುವ ಹತ್ತಿರದ ಬಂಧುಗಳು, ನಿಕಟ ಸಂಪರ್ಕದ ಗೆಳೆಯರು, ಬ್ಯಾಂಕ್ ಖಾತೆ, ಆಸ್ತಿ ಎಲ್ಲವನ್ನೂ ಬರೆಯಬೇಕು. ಅಜ್ಜನ ಅಡಿಕೆ ತೋಟದ ಪಹಣಿಯಲ್ಲಿ ನಿನ್ನ ಹೆಸರು ಸೇರಿದ್ದರೆ ಅದೂ ಅಲ್ಲಿ ಬರಬೇಕು. ತೋಟ ಇರುವುದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು. ಊರಿನಲ್ಲಿ ಅಜ್ಜ ಅಜ್ಜಿ ಇದ್ದಾರೆ ಎಂದು ಬರೆದಿದ್ದೀಯ. ಸಂಬಳ, ವಿಮಾನ, ಪಿಂಚಣಿಯ ಮಾತಿಗೆ ಮೊದಲು ಮನೆಯವರ ಜೊತೆ ಕುಳಿತು ಇದನ್ನು ತೀರ್ಮಾನಿಸಿಕೊ.

ಇದಕ್ಕೆಲ್ಲ ಒಪ್ಪಿದೆ ಎಂದಿಟ್ಟುಕೊಳ್ಳೋಣ. ಆಗ ‘ತಿಂಗಳಿಗೊಂದು ವಾರಾಂತ್ಯ’ದ ಕಥೆಗೆ ಬರುತ್ತೇನೆ. ಆ ಘೋಷಣೆ ಯಾರಿಗಾದರೂ ಹೊಂದೀತು, ಪೈಲಟ್‌ಗಳಿಗಂತೂ ಅಲ್ಲ. ಮೊದಲ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ನೀನು ಪೂರ್ಣಾವಧಿಯವನೇ. ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿ ಅಧಿಕಾರಿ ತರಬೇತಿ. ಮಿಸಿಸಿಪ್ಪಿಯ ಕೊಲಂಬಸ್, ಟೆಕ್ಸಸ್‌ನ ಲಾಫ್ಲಿನ್ ಅಥವಾ ಒಕ್ಲಹೋಮಾದ ವಾನ್ಸ್‌ನಂಥ ನೆಲೆಯಲ್ಲಿ ಸುಮಾರು ಒಂದು ವರ್ಷ ಹಾರಾಟದ ತರಬೇತಿ. ಸ್ಪೋಕೇನ್ ಬಳಿಯ ಫೇರ್‌ಚೈಲ್ಡ್‌ನಲ್ಲಿ ಶತ್ರು ನೆಲದಲ್ಲಿ ಬದುಕುಳಿಯುವ ಪಾಠ. ಸಿ-17 ಸಿಕ್ಕರೆ ಒಕ್ಲಹೋಮಾದ ಆಲ್ಟಸ್. ಅದಾದ ಮೇಲೆ ಕೈ ಪಳಗಲೆಂದು ಕೆಲವು ತಿಂಗಳು ನಿನ್ನ ಘಟಕದಲ್ಲೇ ಪೂರ್ಣ ಸಂಬಳದ ಸೇವೆ. ಅರೆಕಾಲಿಕ ಬದುಕು ಶುರುವಾಗುವುದು ಇಲ್ಲಿಂದ. ಆಗಲೂ ರಾತ್ರಿ ಇಳಿಯುವಿಕೆ, ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವುದು, ಸಿಮ್ಯುಲೇಟರ್ ಪರೀಕ್ಷೆ ಇವೆಲ್ಲ ಪೂರ್ಣಾವಧಿ ಪೈಲಟ್‌ಗೆ ಇರುವ ಅದೇ ಅಳತೆಯಲ್ಲಿ ನಿನಗೂ ಇರುತ್ತವೆ. ಅದಕ್ಕೆಂದೇ ವಾರಾಂತ್ಯದ ಡ್ರಿಲ್‌ನ ಆಚೆಗೆ ವರ್ಷಕ್ಕೆ ಇನ್ನೂ 48 ಹಾರಾಟದ ಪಾಳಿಗಳಿಗೆ ಸಂಬಳ ಕೊಡುತ್ತಾರೆ. ಒಟ್ಟಾರೆ ತಿಂಗಳಲ್ಲಿ ಒಂದು ವಾರವನ್ನು ವಾಯುಪಡೆಗೆ ಬರೆದುಕೊಟ್ಟುಬಿಡು. ಉಳಿದ ಮೂರು ವಾರ ಏರ್‌ಲೈನ್ಸ್‌ನದು. ಮನೆಗೆ ಎಷ್ಟು ಉಳಿಯಿತು ಎಂದು ಈ ಮನೆಯಲ್ಲಿ ನನ್ನ ಗಂಡನನ್ನು ಕೇಳಬೇಕು. ಅವರ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಹಾಗಿದ್ದರೆ ಯಾಕೆ ಮಾಡಬೇಕು? ಇದಕ್ಕೆ ಉತ್ತರ ಇರುವುದು ಏರ್‌ಲೈನ್ಸ್‌ನಲ್ಲಿ. ಅಲ್ಲಿ ಪ್ರತಿಭೆಗೆ ಬೆಲೆ ಕಡಿಮೆ, ಸೀನಿಯಾರಿಟಿಗೆ ಬೆಲೆ ಪೂರ್ತಿ. ಯಾವ ಊರಿನಿಂದ ಹಾರುತ್ತೀಯ, ಯಾವ ವಿಮಾನ, ದೀಪಾವಳಿಗೆ ರಜೆ ಇದೆಯೇ, ಯಾವಾಗ ಕ್ಯಾಪ್ಟನ್ ಆಗುತ್ತೀಯ ಎಂಬುದೆಲ್ಲ ನೀನು ಸೇರಿದ ದಿನಾಂಕದಿಂದ ನಿರ್ಧಾರವಾಗುತ್ತದೆ. ರೇಷನ್ ಅಂಗಡಿ ಮುಂದಿನ ಸಾಲಿನಲ್ಲಿ ಚೀಲ ಇಟ್ಟು ಜಾಗ ಹಿಡಿದ ಹಾಗೆ, ಮೊದಲು ಇಟ್ಟವನಿಗೆ ಮೊದಲು. 65ಕ್ಕೆ ನಿವೃತ್ತಿ ಕಡ್ಡಾಯ. ಇಪ್ಪತ್ತೆಂಟಕ್ಕೆ ಆ ಸಾಲಿನಲ್ಲಿ ನಿಂತವನಿಗೆ ಮೂವತ್ತೇಳು ವರ್ಷ ಸಿಗುತ್ತದೆ. ಆ್ಯಕ್ಟಿವ್ ಡ್ಯೂಟಿಗೆ ಹೋದರೆ ತರಬೇತಿ ಮುಗಿದ ದಿನದಿಂದ ಹತ್ತು ವರ್ಷ ಬಿಡುವಂತಿಲ್ಲ. ನಿನ್ನ ಲೆಕ್ಕದಲ್ಲಿ ಸಾಲಿಗೆ ಬರುವಾಗ ಮೂವತ್ತೆಂಟು ದಾಟಿರುತ್ತದೆ. ರಿಸರ್ವ್ ಪೈಲಟ್‌ಗೂ ಹತ್ತು ವರ್ಷದ ಕರಾರು ಇದೆ, ಆದರೆ ಅವನು ಅದನ್ನು ತೀರಿಸುವುದು ಸಾಲಿನಲ್ಲಿ ನಿಂತುಕೊಂಡೇ. ಸೇನೆಯ ಕೆಲಸಕ್ಕೆ ಹೋದವನ ನೌಕರಿಯನ್ನೂ ಸೀನಿಯಾರಿಟಿಯನ್ನೂ 1994ರ ಒಂದು ಕಾನೂನು ಕಾಪಾಡುತ್ತದೆ. ಒಬ್ಬ ಮಾಲೀಕರ ಬಳಿ ಒಟ್ಟು ಐದು ವರ್ಷದ ಮಿತಿ ಇದ್ದರೂ ಡ್ರಿಲ್, ವಾರ್ಷಿಕ ತರಬೇತಿ, ಯುದ್ಧಕಾಲದ ಕರೆ ಅದರಲ್ಲಿ ಸೇರುವುದಿಲ್ಲ.

ಇದರ ಬೆಲೆ ನನಗೆ ತಿಳಿದದ್ದು 2008ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಒಂದು ಏರ್‌ಲೈನ್ಸ್ ಸೇರಿದ್ದೆ. 2007ರ ಡಿಸೆಂಬರ್‌ನಲ್ಲಿ ನಿವೃತ್ತಿ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದರು. ಮೇಲಿದ್ದವರು ಜಾಗ ಬಿಡದೆ ಪಟ್ಟಿ ಹೆಪ್ಪುಗಟ್ಟಿತು. ಮುಂದಿನ ಬೇಸಿಗೆಯಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು, ಅದರ ಬೆನ್ನಿಗೇ ಬ್ಯಾಂಕುಗಳು ಕುಸಿದವು. ಕೊನೆಗೆ ಸೇರಿದವರು ಮೊದಲು ಮನೆಗೆ. ಅದನ್ನು ಫರ್ಲೋ ಎನ್ನುತ್ತಾರೆ: ಕೆಲಸ ಹೋಗಿಲ್ಲ, ಆದರೆ ಸಂಬಳವೂ ಇಲ್ಲ. ಈ ದೇಶದಲ್ಲಿ ಸಂಬಳ ನಿಂತರೆ ಆರೋಗ್ಯ ವಿಮೆಯೂ ಹೋಗುತ್ತದೆ, ಊರಿನಲ್ಲಿರುವವರಿಗೆ ಇದು ಬೇಗ ತಲೆಗೆ ಹತ್ತುವುದಿಲ್ಲ. ನನ್ನ ಜೊತೆ ಸೇರಿದವರಲ್ಲಿ ಕೆಲವರು ವಿಮಾನ ಬಿಟ್ಟು ಮನೆ ಮಾರಾಟದ ಕೆಲಸಕ್ಕೆ ಹೋದರು. ನಾನು ಸ್ಕ್ವಾಡ್ರನ್‌ಗೆ ಫೋನ್ ಮಾಡಿದೆ. ಅಫ್ಘಾನಿಸ್ತಾನಕ್ಕೆ ಸರಕು ಸಾಗಿಸಲು ಸಿಬ್ಬಂದಿ ಸಾಲದೆ ಅವರು ಒದ್ದಾಡುತ್ತಿದ್ದರು. ವಾಪಸ್ ಕರೆ ಬರುವವರೆಗೂ ಪೂರ್ಣ ಸಂಬಳದಲ್ಲಿ ಹಾರಿದೆ. ಡ್ರಿಲ್‌ಗೆ ಹೋಗುವ ರಿಸರ್ವ್‌ನವರು ಕಡಿಮೆ ಕಂತಿನಲ್ಲಿ ಇಡೀ ಕುಟುಂಬಕ್ಕೆ ಕೊಳ್ಳಬಹುದಾದ ಟ್ರೈಕೇರ್ ಎಂಬ ಸೇನೆಯ ಆರೋಗ್ಯ ವಿಮೆಯೂ ಇದೆ. 2020ರ ಕೋವಿಡ್ ಕಾಲದಲ್ಲಿ ಇದೇ ಕಥೆ ಹೊಸ ಹುಡುಗರ ಪಾಲಿಗೆ ಮರುಕಳಿಸಿತು. 2023ರ ಒಪ್ಪಂದದಲ್ಲಿ ಡೆಲ್ಟಾ ಪೈಲಟ್‌ಗಳಿಗೆ ನಾಲ್ಕು ವರ್ಷಗಳಲ್ಲಿ ಶೇ 34ರಷ್ಟು ಸಂಬಳ ಏರಿದ್ದನ್ನು ಓದಿ ಹಿಗ್ಗಿದ್ದೀಯ. ಹಿಗ್ಗು, ಆದರೆ 2024ರಲ್ಲೇ ನೇಮಕಾತಿ ನಿಧಾನವಾದದ್ದನ್ನೂ ಓದು.

ಅಮ್ಮ ‘ಯುದ್ಧಕ್ಕೆ ಕಳಿಸುತ್ತಾರೆಯೇ’ ಎಂದು ಕೇಳಿದರೆಂದು ಬರೆದಿದ್ದೀಯ. ಕಳಿಸುತ್ತಾರೆ. ಇದರಲ್ಲಿ ಅವರಿಗೆ ಸುಳ್ಳು ಹೇಳಬೇಡ. 2021ರ ಆಗಸ್ಟ್‌ನಲ್ಲಿ ಕಾಬೂಲ್‌ನಿಂದ ಒಂದೇ ಸಿ-17ರಲ್ಲಿ 823 ಜನರನ್ನು ಹೊತ್ತು ತಂದರಲ್ಲ, ಆ ಏರ್‌ಲಿಫ್ಟ್‌ಗೆ ರಿಸರ್ವ್ ಸಿಬ್ಬಂದಿಯೂ ಹೋಗಿದ್ದರು. ವಾರದ ಹಿಂದೆ ಅವರಲ್ಲಿ ಹಲವರು ಪ್ರಯಾಣಿಕರ ವಿಮಾನ ಹಾರಿಸುತ್ತಿದ್ದವರು. ಆದರೆ ರಿಸರ್ವ್ ಎಂದರೆ ಬರೀ ಯುದ್ಧವಲ್ಲ ಎಂಬುದನ್ನೂ ಹೇಳು. ಚಂಡಮಾರುತದ ಕಣ್ಣಿನೊಳಗೆ ಹಾರಿ ಅಳತೆ ತರುವ 53ನೇ ಸ್ಕ್ವಾಡ್ರನ್ ಮಿಸಿಸಿಪ್ಪಿಯ ಕೀಸ್ಲರ್‌ನಲ್ಲಿದೆ, ಅದು ರಿಸರ್ವ್‌ನದೇ. ನಿನ್ನ ಊರಿಗೆ ಹತ್ತಿರದ ರೀನೊದಲ್ಲಿ ಗಾರ್ಡ್‌ನವರ ಸಿ-130ಗಳು ಕಾಡ್ಗಿಚ್ಚಿನ ಮೇಲೆ ಕೆಂಪು ದ್ರಾವಣ ಸುರಿಯುತ್ತವೆ. ನಮ್ಮವರ ಸಾಫ್ಟ್‌ವೇರ್ ಕಚೇರಿಗಳ ನಡುವೆಯೇ ಇರುವ ಮಾಫೆಟ್ ಫೀಲ್ಡ್‌ನಲ್ಲಿ ಗಾರ್ಡ್‌ನ ಪಡೆ ಇದೆ, ಅಪಾಯದಲ್ಲಿ ಸಿಲುಕಿದವರನ್ನು ಪಾರುಮಾಡುವುದು ಅದರ ಕೆಲಸ. ಗಾರ್ಡ್ ಘಟಕಕ್ಕೆ ರಾಜ್ಯಪಾಲರೂ ಆಜ್ಞೆ ಕೊಡಬಹುದು, ರಿಸರ್ವ್‌ಗೆ ಕೇಂದ್ರವೊಂದೇ. ಪೈಲಟ್ ದೃಷ್ಟಿಯಿಂದ ಉಳಿದದ್ದೆಲ್ಲ ಹೆಚ್ಚೂಕಡಿಮೆ ಒಂದೇ.

ಆ್ಯಕ್ಟಿವ್ ಡ್ಯೂಟಿಯನ್ನು ನಾನು ಹಳಿಯುತ್ತಿದ್ದೇನೆ ಎಂದುಕೊಳ್ಳಬೇಡ. ಹಾರಾಟವೇ ನಿನ್ನ ದಿನಚರಿಯಾಗಬೇಕು, ಮುಂದೊಂದು ದಿನ ಸ್ಕ್ವಾಡ್ರನ್ ಆಳಬೇಕು ಎಂಬ ಆಸೆ ಇದ್ದರೆ ಅದೇ ಸರಿ. ಇಪ್ಪತ್ತು ವರ್ಷ ಮುಗಿಸಿದವನಿಗೆ ಮರುದಿನದಿಂದಲೇ ಪಿಂಚಣಿ. ನಮಗೆ ಇಪ್ಪತ್ತು ವರ್ಷ, ವರ್ಷಕ್ಕೆ ಕನಿಷ್ಠ 50 ಸೇವಾ ಅಂಕದಂತೆ ಕೂಡಿಸಿದರೂ ಸಾಮಾನ್ಯವಾಗಿ ಅರವತ್ತಕ್ಕೇ ಹಣ ಕೈಸೇರುವುದು. ಆದರೆ ಆ್ಯಕ್ಟಿವ್ ಡ್ಯೂಟಿಯಲ್ಲಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಊರು ಬದಲಾಗುತ್ತದೆ, ಯಾವ ವಿಮಾನ, ಯಾವ ನೆಲೆ ಎಂಬುದನ್ನು ಅವರು ಹೇಳುತ್ತಾರೆ. ರಿಸರ್ವ್‌ನಲ್ಲಿ ಮೊದಲು ಘಟಕ ನಿನ್ನನ್ನು ಆರಿಸಿ, ಆಮೇಲೆ ತರಬೇತಿಗೆ ಕಳಿಸುತ್ತದೆ. ಹಾಗಾಗಿ ವಿಮಾನವೂ ಊರೂ ಮೊದಲ ದಿನವೇ ಗೊತ್ತು. ವಲಸೆ ಬಂದ ಮನೆಗೆ ಇದು ಸಣ್ಣ ಮಾತಲ್ಲ. ನನ್ನ ಮಕ್ಕಳು ಒಂದೇ ಶಾಲೆಯಲ್ಲಿ ಓದಿದರು, ಅಪ್ಪ ಅಮ್ಮ ಎರಡು ಬೀದಿ ಆಚೆ ಇದ್ದಾರೆ.

ನೀನು ಈಗ ಮಾಡಬೇಕಾದದ್ದು ಖಾಸಗಿ ಪೈಲಟ್ ಪರವಾನಗಿಯ ತರಬೇತಿ. ಪೌರತ್ವ ಇಲ್ಲದವರು ಪಾಠ ಶುರು ಮಾಡುವ ಮೊದಲು ಸಾರಿಗೆ ಭದ್ರತಾ ಇಲಾಖೆಯ ಪರಿಶೀಲನೆ ಮುಗಿಸಿರಬೇಕು, ಗ್ರೀನ್ ಕಾರ್ಡ್‌ನವರಿಗೂ ಇದು ಕಡ್ಡಾಯ. ಅದಕ್ಕೂ ಮೊದಲು ವಿಮಾನಯಾನ ನಿಯಂತ್ರಿಸುವ ಸಂಸ್ಥೆ ಎಫ್‌ಎಎಯ ಫಸ್ಟ್ ಕ್ಲಾಸ್ ವೈದ್ಯಕೀಯ ಪರೀಕ್ಷೆ ಮಾಡಿಸು. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ವಾಯುಪಡೆಯ ಮಾತು ಅಲ್ಲಿಗೇ ಮುಗಿಯಿತು, ಅದನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಪರವಾನಗಿಯ ನಂತರ ಎಂಜಿನಿಯರಿಂಗ್ ಕೆಲಸ ಮಾಡುತ್ತಲೇ ಗಂಟೆಗಳನ್ನು ಕೂಡಿಸು, ಸಾಧ್ಯವಾದರೆ ಬೋಧಕನ ಪರವಾನಗಿಯವರೆಗೂ ಹೋಗು. ಶೂನ್ಯದಿಂದ ಅಲ್ಲಿಯವರೆಗೆ ಸುಮಾರು ಒಂದು ಲಕ್ಷ ಡಾಲರ್ ಬೇಡುವ ದಾರಿ ಇದು. ಸಾಲದ ಮೇಲೆ ಒಂದೇ ಏಟಿಗೆ ಮುಗಿಸುವ ಆತುರ ಬೇಡ. ನಾಗರಿಕ ದಾರಿಯಲ್ಲಿ ಏರ್‌ಲೈನ್ಸ್ ಸೇರಲು ಸಾಮಾನ್ಯವಾಗಿ 1500 ಗಂಟೆ ಬೇಕು. 2009ರ ಬಫಲೊ ವಿಮಾನ ಅಪಘಾತದ ನಂತರ ಬಂದ ನಿಯಮ ಅದು. ಸೇನೆಯಲ್ಲಿ ಪೈಲಟ್ ಆದವರಿಗೆ 750 ಸಾಕು. ನಿನ್ನ ಗಂಟೆಗಳು ವ್ಯರ್ಥವಾಗುವುದಿಲ್ಲ, ವಾಯುಪಡೆಯ ಆಯ್ಕೆ ಅಂಕದಲ್ಲೂ ಹಾರಿದ ಅನುಭವಕ್ಕೆ ಲೆಕ್ಕವಿದೆ. ಇಪ್ಪತ್ತಾರಕ್ಕೆ ಪೌರತ್ವ ಬಂದ ವಾರವೇ ರಿಸರ್ವ್ ಘಟಕಗಳಿಗೆ ಅರ್ಜಿ ಹಾಕು, ತಡಮಾಡಬೇಡ. ಮೂವತ್ತು ದಾಟಿದ ಮೇಲೆ ವಯಸ್ಸಿನ ಮಿತಿ ಕತ್ತು ಹಿಡಿಯುತ್ತದೆ. ಅಷ್ಟರಲ್ಲಿ ಏರ್‌ಲೈನ್ಸ್ ಕೆಲಸವೇ ಸಿಕ್ಕಿದ್ದರೆ ಇನ್ನೂ ಒಳ್ಳೆಯದು: ನೀನು ಕೊಲಂಬಸ್‌ನಲ್ಲಿ ಬೆವರು ಸುರಿಸುತ್ತಿರುವಾಗಲೂ ಸಾಲಿನಲ್ಲಿ ನಿನ್ನ ಜಾಗ ಮುಂದೆ ಸರಿಯುತ್ತಿರುತ್ತದೆ.

ಘಟಕದವರು ಅರ್ಜಿಯ ಜೊತೆಗೆ ಮನುಷ್ಯನನ್ನೂ ನೋಡುತ್ತಾರೆ, ಇಪ್ಪತ್ತು ವರ್ಷ ಜೊತೆಗೆ ಹಾರಬೇಕಾದವನಲ್ಲವೇ. ಡ್ರಿಲ್ ವಾರಾಂತ್ಯಗಳಲ್ಲಿ ಅನುಮತಿ ಕೇಳಿ ಹೋಗಿ ಭೇಟಿಯಾಗಬೇಕು. ಕೈಯಲ್ಲೊಂದು ವಿಸ್ಕಿ ಬಾಟಲಿ ಹಿಡಿದು ಹೋಗುವ ರೂಢಿ ಕೆಲವು ಕಡೆ ಇದೆ. ನಾನು ಅಮ್ಮ ಕರಿದ ಚಕ್ಕುಲಿಯ ಡಬ್ಬಿ ಒಯ್ದಿದ್ದೆ, ಕೆಲಸ ಸಿಕ್ಕಿತು. ಟ್ರಾವಿಸ್ ನಿನಗೆ ಒಂದು ಗಂಟೆಯ ದಾರಿ. ವೈದ್ಯಕೀಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಬರೆ, ಮನೆಗೆ ಊಟಕ್ಕೆ ಬಾ. ಅಮ್ಮನನ್ನೂ ಕರೆದುಕೊಂಡು ಬಾ. ಅವರ ಪ್ರಶ್ನೆಗಳಿಗೆ ಉತ್ತರ ಕೊಡಲು ನನಗಿಂತ ನನ್ನ ಅಮ್ಮನೇ ಸರಿ.