ಓದುಗರ ಪ್ರಶ್ನೆ: ಮೊದಲ ಕೀಮೋ ಮತ್ತು ಹತ್ತನೆಯ ದಿನ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ನನ್ನ ಪತ್ನಿಗೆ 46 ವರ್ಷ. ಎಡ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡು, ಕಂಕುಳಿನ ಗ್ರಂಥಿಗಳನ್ನೂ ಸೇರಿಸಿ ಶಸ್ತ್ರಚಿಕಿತ್ಸೆಯಾಗಿದೆ, ಗಾಯ ಒಣಗಿದೆ. ಇನ್ನು ಶಿವಮೊಗ್ಗದಲ್ಲಿ 21 ದಿನಕ್ಕೊಮ್ಮೆಯಂತೆ ನಾಲ್ಕು ಸಲ ಕೆಂಪು ಬಣ್ಣದ ಕೀಮೋ, ಅದಾದ ಮೇಲೆ ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ಬೇರೆ ಔಷಧಿ ಎಂದು ಹೇಳಿದ್ದಾರೆ. ಮೊದಲನೆಯದು ಬರುವ ವಾರ. ಕೀಮೋ ಆದವರು ವಾರಗಟ್ಟಲೆ ವಾಂತಿ ಮಾಡಿಕೊಳ್ಳುತ್ತಾರೆಂದು ಊರಿನಲ್ಲಿ ಹೇಳುತ್ತಾರೆ. ಆಕೆಗೆ ರಾತ್ರಿ ನಿದ್ದೆಯಿಲ್ಲ. ಮಳೆಗಾಲ ಬೇರೆ. ನಾವು ಹೇಗೆ ಸಿದ್ಧರಾಗಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಭಯವೆಲ್ಲ ಮೊದಲ ದಿನದ ಮೇಲೆಯೇ ಇದೆ. ಬಹಳಷ್ಟು ವರ್ಷ ಕೀಮೋ ವಾರ್ಡಿನಲ್ಲಿ ಕೆಲಸ ಮಾಡಿದ ನನಗೆ ಆ ದಿನದ ಬಗ್ಗೆ ಅಷ್ಟೊಂದು ಆತಂಕವಿಲ್ಲ, ಏಕೆಂದರೆ ಅಂದು ಆಕೆಯ ಸುತ್ತ ನರ್ಸ್‌ಗಳೂ ವೈದ್ಯರೂ ಇರುತ್ತಾರೆ. ನನ್ನ ಆತಂಕವೆಲ್ಲ ಹತ್ತನೆಯ ದಿನದ ಬಗ್ಗೆ. ಅಂದು ಆಕೆ ನಿಮ್ಮ ಮನೆಯಲ್ಲಿರುತ್ತಾರೆ, ಹೊರಗೆ ಮಳೆ ಸುರಿಯುತ್ತಿರುತ್ತದೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಮೊದಲ ದಿನದ ಮಾತನ್ನು ಬೇಗ ಮುಗಿಸಿ, ಹತ್ತನೆಯ ದಿನಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಕೆಂಪು ಔಷಧಿಯ ಹೆಸರು ಡಾಕ್ಸೊರುಬಿಸಿನ್. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನಿಂದ ಬಂದ ಔಷಧಿ ಇದು. ಸಿರಿಂಜಿನಲ್ಲಿ ನೋಡಿದರೆ ಥೇಟ್ ಮುರುಗಲ ಹಣ್ಣಿನ ಪಾನಕದ ಬಣ್ಣ. ಬಣ್ಣಕ್ಕೂ ಬಿರುಸಿಗೂ ಸಂಬಂಧವಿಲ್ಲ. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ರಕ್ತವಲ್ಲ, ಔಷಧಿಯ ಬಣ್ಣ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಮಧ್ಯರಾತ್ರಿಯಲ್ಲಿ ಗಾಬರಿಯಾಗುತ್ತಾರೆ. ಇದರ ಜೊತೆಯಲ್ಲಿ ಸಾಮಾನ್ಯವಾಗಿ ಕೊಡುವ ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸಬಹುದು. ಹಾಗಾಗಿ ಆ ಎರಡು ದಿನ ಚೆನ್ನಾಗಿ ನೀರು ಕುಡಿಯಬೇಕು, ಮೂತ್ರ ಕಟ್ಟಿಕೊಂಡು ಕೂರಬಾರದು. ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿನ ಮೇಲೆ ಪರಿಣಾಮ ಬೀರಬಲ್ಲದಾದ್ದರಿಂದ ಮೊದಲೇ ಎಕೋ ಪರೀಕ್ಷೆ ಮಾಡಿಸುತ್ತಾರೆ. ರಕ್ತಕಣಗಳ ಎಣಿಕೆ, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಬಿ ಪರೀಕ್ಷೆಗಳ ವರದಿಗಳನ್ನೂ ಒಂದೇ ಫೈಲಿನಲ್ಲಿಟ್ಟುಕೊಳ್ಳಿ. ಹುಳುಕು ಹಲ್ಲಿದ್ದರೆ ಈ ವಾರವೇ ತೋರಿಸಿ, ಏಕೆಂದರೆ ಆಮೇಲೆ ಹಲ್ಲು ಕೀಳಿಸುವುದು ಸುಲಭವಲ್ಲ.

ಅಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಎರಡು ಇಡ್ಲಿಯೋ ಗಂಜಿಯೋ ಸಾಕು. ತೋಳು ಸಡಿಲವಾಗಿರುವ ಉಡುಪು ಹಾಕಿಕೊಳ್ಳಲಿ. ಕಂಕುಳಿನ ಗ್ರಂಥಿಗಳನ್ನು ತೆಗೆದಿರುವುದರಿಂದ ಎಡಗೈಗೆ ಸೂಜಿ ಬೇಡವೆಂದು ಆಕೆಯೇ ನರ್ಸ್‌ಗೆ ನೆನಪಿಸಲಿ. ಸೂಜಿ ಇರುವ ಜಾಗದಲ್ಲಿ ಉರಿಯೋ ಬಾವೋ ಕಾಣಿಸಿದರೆ ಆ ಕ್ಷಣವೇ ಹೇಳಬೇಕು. ಡಾಕ್ಸೊರುಬಿಸಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮವನ್ನು ಸುಡುತ್ತದೆ. ‘ಪಾಪ, ಅವರಿಗೆ ಯಾಕೆ ತೊಂದರೆ ಕೊಡುವುದು’ ಎಂದು ಸುಮ್ಮನಿರುವ ನಮ್ಮ ಕಡೆಯ ಹೆಂಗಸರ ಸಂಕೋಚವನ್ನು ನಾನು ಬಲ್ಲೆ. ಅದನ್ನು ಅಂದು ಮನೆಯಲ್ಲಿಯೇ ಬಿಟ್ಟು ಬರಲಿ.

ವಾಂತಿಯ ವಿಷಯದಲ್ಲಿ ಊರಿನ ಮಾತು ಹಳೆಯದು. ಇಂದು ಆಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್, ಅಪ್ರೆಪಿಟಂಟ್, ಓಲಾಂಜಪಿನ್ ಮುಂತಾದ ಔಷಧಿಗಳನ್ನು ಸೇರಿಸಿ ಕೊಡುವುದರಿಂದ ಅನೇಕರಿಗೆ ವಾಂತಿಯೇ ಆಗುವುದಿಲ್ಲ. ಓಕರಿಕೆ, ಬಾಯಿರುಚಿ ಕೆಡುವುದು ಮಾತ್ರ ಮೂರು ನಾಲ್ಕು ದಿನ ಇರಬಹುದು. ಬರೆದುಕೊಟ್ಟ ಮಾತ್ರೆಗಳನ್ನು ವಾಂತಿ ಬಂದ ಮೇಲಲ್ಲ, ಬರುವ ಮೊದಲೇ ಹೊತ್ತಿಗೆ ಸರಿಯಾಗಿ ನುಂಗಬೇಕು. ಆಂಡಾನ್ಸೆಟ್ರಾನ್‌ನಿಂದ ಮಲಬದ್ಧತೆಯಾಗುತ್ತದೆ, ಡೆಕ್ಸಾಮೆಥಾಸೋನ್‌ನಿಂದ ಸಕ್ಕರೆ ಏರುತ್ತದೆ, ನಿದ್ದೆಯೂ ಹಾರಬಹುದು; ಆಕೆಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಅಂದೇ ಸಂಜೆ ತಿರುವುಗಳ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಊರಿಗೆ ಕರೆದುಕೊಂಡು ಹೋಗಬೇಡಿ. ಕೀಮೋ ಮಾಡದ ವಾಂತಿಯನ್ನು ಆ ರಸ್ತೆ ಮಾಡಿಸುತ್ತದೆ. ಶಿವಮೊಗ್ಗದಲ್ಲಿ ನೆಂಟರ ಮನೆಯಿದ್ದರೆ ಒಂದು ರಾತ್ರಿ ಉಳಿದು ಹೊರಡಿ.

ಅಡುಗೆಯ ಬಗ್ಗೆ ಒಂದು ಮಾತು. ಆ ಮೂರು ದಿನ ಆಕೆಗೆ ಬಹಳ ಇಷ್ಟವಾದ ತಿಂಡಿಯನ್ನು ದಯವಿಟ್ಟು ಮಾಡಬೇಡಿ. ಪ್ರೀತಿಯಿಂದ ಪತ್ರೊಡೆ ಮಾಡಿ ಬಡಿಸಿದ ಅತ್ತೆಯೊಬ್ಬರನ್ನು ಕಂಡಿದ್ದೇನೆ. ಓಕರಿಕೆಯ ನಡುವೆ ತಿಂದ ಆ ಸೊಸೆಗೆ ಚಿಕಿತ್ಸೆಯೆಲ್ಲ ಮುಗಿದು ಎರಡು ಮಳೆಗಾಲ ಕಳೆದರೂ ಕೆಸುವಿನ ಎಲೆ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಗಂಜಿ, ತಿಳಿಸಾರು, ಅನ್ನ ಮಜ್ಜಿಗೆ, ಸ್ವಲ್ಪ ಸ್ವಲ್ಪವೇ ಆರು ಹೊತ್ತು ಸಾಕು. ಒಗ್ಗರಣೆಯ ಘಾಟು, ಒಣಮೀನು ಹುರಿಯುವ ವಾಸನೆ ಆಕೆಯ ಕೋಣೆಗೆ ಬರದಿರಲಿ.

ಈಗ ಹತ್ತನೆಯ ದಿನ. ಕೀಮೋ ವೇಗವಾಗಿ ಒಡೆದು ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ. ಗಡ್ಡೆಯ ಕೋಶಗಳಂತೆಯೇ ಎಲುಬಿನ ಮಜ್ಜೆಯ ಕೋಶಗಳೂ ವೇಗವಾಗಿ ಬೆಳೆಯುವಂಥವು. ಹಾಗಾಗಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಈ ಚಿಕಿತ್ಸೆಯಲ್ಲಿ ಹತ್ತರಿಂದ ಹದಿನಾಲ್ಕನೆಯ ದಿನದ ಹೊತ್ತಿಗೆ ತೀರ ಕೆಳಗಿಳಿದು, ಮೂರನೆಯ ವಾರದ ಕೊನೆಗೆ ಮತ್ತೆ ಮೇಲೆ ಬರುತ್ತವೆ. 21 ದಿನದ ಲೆಕ್ಕ ಬಂದದ್ದೂ ಇದರಿಂದಲೇ. ಕಷ್ಟವೆಂದರೆ, ಈ ಹೊತ್ತಿಗೆ ಓಕರಿಕೆ ಹೋಗಿ, ಊಟ ಸೇರಿ, ಆಕೆ ಗೆಲುವಾಗಿ ಕಾಣುತ್ತಾರೆ. ಮನೆಯವರು ನಿಟ್ಟುಸಿರು ಬಿಟ್ಟು ತೋಟದ ಕೆಲಸಕ್ಕೆ ಹೊರಡುತ್ತಾರೆ. ಕೌಂಟ್ ಕಡಿಮೆಯಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ಅದು ಗೊತ್ತಾಗುವುದು ಹೆಚ್ಚಾಗಿ ಜ್ವರದಿಂದಲೇ.

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ರೋಗಿಗಳಿಗೆ ‘ಜ್ವರ ಬಂದರೆ ಬನ್ನಿ’ ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಒಬ್ಬರು ಎರಡು ದಿನ ತಡವಾಗಿ, ನಾಡಿ ಸಿಗದ ಸ್ಥಿತಿಯಲ್ಲಿ ಬಂದರು. ಯಾಕೆ ತಡವೆಂದು ಕೇಳಿದರೆ ಅವರ ಮಗ ಹೇಳಿದ್ದು, ‘ಕೈ ಇಟ್ಟು ನೋಡಿದೆವು, ಅಂಥ ಜ್ವರವೇನೂ ಇರಲಿಲ್ಲ; ಮಾತ್ರೆಗೆ ಇಳಿಯುತ್ತಿತ್ತು.’ ಅವರ ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ, ಇದೆಯೇ ಎಂದು ನಾನೂ ಕೇಳಿರಲಿಲ್ಲ. ಆಕೆ ಉಳಿದರು, ಆದರೆ ಅಂದಿನಿಂದ ನಾನು ಡಿಗ್ರಿ ಹೇಳದೆ ಯಾರನ್ನೂ ಕಳಿಸಿಲ್ಲ.

ಡಿಗ್ರಿ ಹೀಗಿದೆ: 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್. ಅಷ್ಟು ಮುಟ್ಟಿದರೆ, ಹಗಲಾಗಲಿ ಇರುಳಾಗಲಿ, ಹೊರಟುಬಿಡಬೇಕು. ಜ್ವರವಿಲ್ಲದೆಯೂ ಮೈ ನಡುಗಿ ಚಳಿ ಬಂದರೆ ಹಾಗೆಯೇ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವುದು ಬೇಡ. ಅದು ಜ್ವರವನ್ನು ಮುಚ್ಚುತ್ತದೆ, ಸೋಂಕನ್ನು ಮುಟ್ಟುವುದಿಲ್ಲ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು. ನಮ್ಮ ಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ. ಮಳೆಗಾಲದ ಜ್ವರವೆಂದರೆ ಡೆಂಗಿ, ಇಲಿಜ್ವರ. ಡಿಸೆಂಬರ್‌ನಿಂದ ಮೇ ತನಕದ ಜ್ವರವೆಂದರೆ ಮೊದಲು ನೆನಪಾಗುವುದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಿಸಿದ ಮಂಗನ ಕಾಯಿಲೆ. ಇವುಗಳಲ್ಲಿಯೂ ರಕ್ತಕಣಗಳು ಇಳಿಯುವುದುಂಟು. ಹೀಗಾಗಿ ರಾತ್ರಿಪಾಳಿಯ ವೈದ್ಯರು ವರದಿ ನೋಡಿ ಬೇರೆ ದಾರಿಯಲ್ಲಿ ಯೋಚಿಸಬಹುದು. ನಿಮ್ಮ ಮೊದಲ ವಾಕ್ಯ ‘ಜ್ವರ ಬಂದಿದೆ’ ಎಂದಿರಬಾರದು. ‘ಕೀಮೋ ಆಗಿ ಹತ್ತು ದಿನ, ಜ್ವರ ಬಂದಿದೆ’ ಎಂದಿರಬೇಕು. ಔಷಧಿಗಳ ಹೆಸರು ಮತ್ತು ಕೊಟ್ಟ ತಾರೀಕನ್ನು ದಪ್ಪ ಅಕ್ಷರದಲ್ಲಿ ಬರೆದ ಒಂದು ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಯಲ್ಲಿಯೇ ಇಟ್ಟಿರಿ.

ಹಾಗಾದರೆ ಈ ವಾರ ಮಾಡಬೇಕಾದ ಸಿದ್ಧತೆ ಯಾವುದು ಎಂದರೆ, ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಂಡು ಬಳಸಲು ಕಲಿಯುವುದು, ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಜೀಪು ತೆಗೆಯುವವರು ಯಾರೆಂದು ಅವರ ಬಾಯಿಂದಲೇ ಒಪ್ಪಿಗೆ ಪಡೆಯುವುದು, ಹೊಳೆ ಉಕ್ಕಿ ಕಿರುಸೇತುವೆ ಮುಳುಗಿದರೆ ಸುತ್ತು ದಾರಿ ಯಾವುದೆಂದು ನೋಡಿಕೊಳ್ಳುವುದು, ಸಿಗ್ನಲ್ ಸಿಗುವ ಜಾಗ ಗುಡ್ಡದ ಯಾವ ತಿರುವೆಂದು ಮನೆಯವರೆಲ್ಲರಿಗೂ ತಿಳಿಸಿ 108ಕ್ಕೆ ಹೇಳಬೇಕಾದ ವಿಳಾಸವನ್ನು ಬರೆದಿಡುವುದು. ಮಳೆ ಜೋರಾಗಿದ್ದರೆ ಒಂಬತ್ತನೆಯ ದಿನದಿಂದ ಹದಿನಾಲ್ಕರವರೆಗೆ ಪೇಟೆಯ ನೆಂಟರಲ್ಲಿ ಇರುವುದು ಇನ್ನೂ ಒಳ್ಳೆಯದು.

ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ನನ್ನು ಕೆಲವರಿಗೆ ಬರೆದುಕೊಡುತ್ತಾರೆ. ಕೀಮೋ ಮುಗಿದು 24 ಗಂಟೆ ಕಳೆದ ಮೇಲೆ ಕೊಡಬೇಕಾದ ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ಮೂರು ದಿನ ಕರೆಂಟಿಲ್ಲದ ಮನೆಯ ಫ್ರಿಜ್ಜು ಬರಿಯ ಬೀರು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಗೆಂದು ತಂಪುಪೆಟ್ಟಿಗೆ ಇರುತ್ತದೆ. ಅಲ್ಲಿನ ವೈದ್ಯರನ್ನು ಮೊದಲೇ ಕಂಡು, ಇರಿಸಿಕೊಂಡು ಚುಚ್ಚಿಕೊಡಲು ಸಾಧ್ಯವೇ ಎಂದು ಕೇಳಿ.

ನಿಮ್ಮಲ್ಲಿ ಅಬ್ಬಿ ನೀರು ಪೈಪಿನಲ್ಲಿ ಬರುತ್ತಿರಬಹುದು. ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕೊಡಿ. ಒಂದೆಲಗದ ತಂಬುಳಿ ಬೇಕೆಂದರೆ ಎಲೆಯನ್ನು ಚೆನ್ನಾಗಿ ತೊಳೆದು ತುಪ್ಪದಲ್ಲಿ ಬಾಡಿಸಿ ಅರೆಯಿರಿ, ಹಸಿಯಾಗಿ ಬೇಡ. ಕಾಯಿಸಿದ ಹಾಲಿನ ಮನೆಯ ಮೊಸರು ಆಗಬಹುದು. ಕೊಟ್ಟಿಗೆಯ ಸಗಣಿ ಬಾಚುವ ಕೆಲಸವನ್ನು ಈ ಆರು ತಿಂಗಳು ನೀವೇ ಮಾಡಿ.

ಪ್ರಶ್ನೆ: ತೀರ್ಥಹಳ್ಳಿಯವನು ನಾನು. ತಂದೆಗೆ 63 ವರ್ಷ, ದೊಡ್ಡ ಕರುಳಿನ ಕ್ಯಾನ್ಸರ್. ಆಕ್ಸಾಲಿಪ್ಲಾಟಿನ್ ಇರುವ ಮೊದಲ ಕೀಮೋ ಆದ ಮರುದಿನ ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದಂತಾಯಿತು, ಕುಡಿದರೆ ಗಂಟಲು ಕಟ್ಟಿದಂತಾಯಿತು. ಜೊತೆಗೆ ನಾಟಿ ವೈದ್ಯರ ಚಕ್ಕೆ ಕಷಾಯ, ಅಮೃತಬಳ್ಳಿ ಕೊಡಬಹುದೇ? ಎಲೆ ಅಡಿಕೆ ಬಿಡಲಾರೆ ಎನ್ನುತ್ತಾರೆ.

ಉತ್ತರ: ಆ ‘ಕರೆಂಟ್’ ಆಕ್ಸಾಲಿಪ್ಲಾಟಿನ್‌ನ ಗುರುತು. ಅದು ನರಗಳನ್ನು ತಂಪಿಗೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಪ್ರತಿ ಸಲವೂ ಮರಳಿ ಬರಬಹುದು. ಹಂಡೆಯ ಬಿಸಿನೀರೇ ಮುಖ ತೊಳೆಯಲೂ ಕುಡಿಯಲೂ ಇರಲಿ; ಬೆಳಗಿನ ಚಳಿಯಲ್ಲಿ ಸ್ಟೀಲ್ ಚೊಂಬನ್ನೂ ಗೇಟಿನ ಚಿಲಕವನ್ನೂ ಬರಿಗೈಯಲ್ಲಿ ಮುಟ್ಟದಿರಲಿ, ಮಫ್ಲರ್ ಮೂಗಿನ ಮೇಲೆ ಬರಲಿ. ಗಂಟಲು ಕಟ್ಟಿದಂತೆ ಅನ್ನಿಸುವುದು ಅನುಭವ ಮಾತ್ರ, ಉಸಿರು ನಿಲ್ಲುವುದಿಲ್ಲ. ಆದರೆ ಮೈಮೇಲೆ ದದ್ದು, ಉಬ್ಬಸ, ತುಟಿ ಊತ ಬಂದರೆ ಅದು ಅಲರ್ಜಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ಕೀಮೋ ಹೊತ್ತಿಗೂ ಜೋಮು ಹೋಗದಿದ್ದರೆ, ಅಂಗಿಯ ಗುಂಡಿ ಹಾಕಲು ತಡಕಾಡುವಂತಾದರೆ ವೈದ್ಯರಿಗೆ ಹೇಳಿ. ಡೋಸ್ ಕಡಿಮೆ ಮಾಡುವ ನಿರ್ಧಾರ ಅದರ ಮೇಲೆಯೇ ನಿಂತಿದೆ.

ನಾಟಿ ಔಷಧಿಯ ಮೇಲೆ ನಮ್ಮ ಜನಕ್ಕಿರುವ ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ; ಆದರೆ ಕೀಮೋ ನಡೆಯುವ ತಿಂಗಳುಗಳಲ್ಲಿ ಬೇಡವೆಂದು ಖಂಡಿತವಾಗಿ ಹೇಳುತ್ತೇನೆ. ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾದ ಪ್ರಕರಣಗಳು ನಮ್ಮ ದೇಶದಲ್ಲಿಯೇ ದಾಖಲಾಗಿವೆ. ಯಕೃತ್ತಿನ ವರದಿ ಕೆಟ್ಟರೆ ಕೀಮೋ ಮುಂದಕ್ಕೆ ಹೋಗುತ್ತದೆ, ಕೆಡಿಸಿದ್ದು ಔಷಧಿಯೋ ಕಷಾಯವೋ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಪೊಟ್ಟಣವನ್ನೇ ತಂದು ತೋರಿಸಿ. ಬೈಯುವ ವೈದ್ಯರೂ ಇದ್ದಾರೆ; ಬೈಸಿಕೊಂಡರೂ ಹೇಳಿ.

ಎಲೆ ಅಡಿಕೆ: ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳಾಗಿ ಇದನ್ನು ಬರೆಯುವುದು ನನಗೂ ಕಷ್ಟವೇ, ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅದಿರಲಿ, ಸದ್ಯದ ಕಾರಣ ಇನ್ನೂ ಹತ್ತಿರದ್ದು: ಕೀಮೋದಿಂದ ಬಾಯಿಯ ಒಳಪೊರೆ ತೆಳುವಾಗುತ್ತದೆ, ಸುಣ್ಣ ತಗುಲಿದರೆ ಹುಣ್ಣು, ಹುಣ್ಣಿನಿಂದ ಸೋಂಕು. ಊಟವಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲಿ. ಕವಳ ಹಾಕುವ ಹೊತ್ತಿಗೇ ಇದನ್ನು ಮಾಡಿಸಿ ನೋಡಿ, ಕೈಗೂ ಬಾಯಿಗೂ ಒಂದು ಕೆಲಸ ಸಿಗುತ್ತದೆ.

ಪ್ರಶ್ನೆ: ಶಿವಮೊಗ್ಗದ ಗೃಹಿಣಿ. ಮೊದಲ ಕೀಮೋ ಮುಗಿದು ನಾಲ್ಕು ದಿನ. ಮಗುವನ್ನು ಹತ್ತಿರ ಮಲಗಿಸಿಕೊಳ್ಳಬೇಡ ಎಂದು ಅತ್ತೆ ಹೇಳುತ್ತಾರೆ. ಕೂದಲು ಯಾವಾಗ ಉದುರುತ್ತದೆ?

ಉತ್ತರ: ಮಲಗಿಸಿಕೊಳ್ಳಿ. ಕ್ಯಾನ್ಸರ್ ಅಂಟುವುದಿಲ್ಲ, ನಿಮ್ಮ ಮೈಯಿಂದ ಮಗುವಿಗೆ ಏನೂ ಹರಡುವುದಿಲ್ಲ. ನಿಮ್ಮ ಅತ್ತೆಯವರ ಮಾತಿಗೆ ಒಂದು ಸಣ್ಣ ಆಧಾರವಿದೆ ಎನ್ನುವುದಾದರೆ, ಕೀಮೋ ಆದ ಮೊದಲ 48 ಗಂಟೆ ಮೂತ್ರ, ವಾಂತಿಗಳಲ್ಲಿ ಔಷಧಿಯ ಅಂಶ ಹೋಗುವುದರಿಂದ ಶೌಚಕ್ಕೆ ಎರಡು ಸಲ ನೀರು ಸುರಿಯುವುದು, ಒದ್ದೆಯಾದ ಬಟ್ಟೆಯನ್ನು ಕೈಗವಸು ಹಾಕಿಕೊಂಡು ಬೇರೆಯಾಗಿ ಒಗೆಯುವುದು ಅಗತ್ಯ. ನಿಮಗೆ ಅದು ಮುಗಿದಿದೆ. ಮಗುವಿಗೆ ನೆಗಡಿ ಜ್ವರವಿದ್ದಾಗ ಮಾತ್ರ ಎರಡನೆಯ ವಾರದಲ್ಲಿ ಸ್ವಲ್ಪ ದೂರವಿರಿ, ಅದು ನಿಮ್ಮ ರಕ್ಷಣೆಗಾಗಿ.

ಕೂದಲು ಎರಡರಿಂದ ಮೂರು ವಾರದೊಳಗೆ ಉದುರಲು ತೊಡಗುತ್ತದೆ, ಅದಕ್ಕೆ ಮೊದಲು ನೆತ್ತಿ ಜುಮುಗುಡುತ್ತದೆ. ದಿಂಬಿನ ಮೇಲೆ, ಸ್ನಾನದ ತಂಬಿಗೆಯಲ್ಲಿ, ಅನ್ನದ ತಟ್ಟೆಯಲ್ಲಿ ಹಿಡಿಗಟ್ಟಲೆ ಕಾಣುವುದಕ್ಕಿಂತ ಮೊದಲೇ ಗಿಡ್ಡವಾಗಿ ಕತ್ತರಿಸಿಕೊಳ್ಳುವುದು ಮೇಲು. ಕತ್ತರಿಸುವಾಗ ಮಗು ಎದುರಿಗಿರಲಿ. ಒಂದು ಬೆಳಿಗ್ಗೆ ಎದ್ದು ಬೇರೆಯೇ ಅಮ್ಮನನ್ನು ನೋಡುವುದಕ್ಕಿಂತ ಅದು ಮಗುವಿಗೆ ಸುಲಭ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮತ್ತೆ ಹುಟ್ಟುತ್ತದೆ; ಕೆಲವರಿಗೆ ಮೊದಲು ಗುಂಗುರಾಗಿ ಬರುತ್ತದೆ.

ಖರ್ಚಿನ ಬಗ್ಗೆ ಕೇಳಿದ ಹಲವರಿಗೆ ಒಟ್ಟಾಗಿ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿಬರುವವರಿಗೆ ರೈಲಿನ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ. ಆಸ್ಪತ್ರೆಯಿಂದ ಅದಕ್ಕೊಂದು ಪ್ರಮಾಣಪತ್ರ ಬೇಕು. ರೇಷನ್ ಕಾರ್ಡಿನಲ್ಲಿ ರೋಗಿಯ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಇಂದೇ ನೋಡಿಕೊಳ್ಳಿ; ಒಂದು ಅಕ್ಷರದ ವ್ಯತ್ಯಾಸಕ್ಕೆ ಕೌಂಟರಿನಿಂದ ಕೌಂಟರಿಗೆ ಅಲೆದವರನ್ನು ನಾನು ವಾರ್ಡಿನ ಬಾಗಿಲಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.